ಕಿಟಕಿಗೆ ಬಾರದ ತೆರೆ

ಕನಕಪುರ ರಸ್ತೆಯ ನಡುವೆ ಕಂಬಗಳೆದ್ದು, ಕಂಬಗಳ ಮೇಲೆ ಹಳಿ ಬಿದ್ದು, 2017ರಲ್ಲಿ ಯಲಚೇನಹಳ್ಳಿಯವರೆಗೂ 2021ರಲ್ಲಿ ಅಲ್ಲಿಂದಾಚೆ ರೇಷ್ಮೆ ಸಂಸ್ಥೆಯವರೆಗೂ ಮೆಟ್ರೋ ರೈಲು ಓಡತೊಡಗಿದಂದಿನಿಂದ ಜರಗನಹಳ್ಳಿಯ ರಸ್ತೆಬದಿಯ ಮನೆಗಳಿಗೆ ಹೊಸ ಬಗೆಯ ನೆರೆಹೊರೆಯೊಂದು ಒದಗಿದೆ. ಎರಡನೆಯ ಅಂತಸ್ತಿನಲ್ಲೋ ಮೂರನೆಯ ಅಂತಸ್ತಿನಲ್ಲೋ ವಾಸವಾಗಿದ್ದು, ಬೀದಿಯ ಗದ್ದಲ ಕೆಳಗೆ, ಸಾರಕ್ಕಿಯ ಕಡೆಯ ಆಕಾಶ ಎದುರಿಗೆ, ನಮ್ಮನ್ನು ನೋಡುವವರು ಹಕ್ಕಿಗಳಲ್ಲದೆ ಮತ್ತಾರೂ ಇಲ್ಲವೆಂದು ನೆಮ್ಮದಿಯಿಂದಿದ್ದ ಗೃಹಸ್ಥರು, ಕೆಲವು ನಿಮಿಷಗಳಿಗೊಮ್ಮೆ ತಮ್ಮ ಊಟದ ಮೇಜಿನ ಎತ್ತರಕ್ಕೆ ಸರಿಯಾಗಿ ಹಾದುಹೋಗುವ ಬೋಗಿಗಳನ್ನೂ, ಬೋಗಿಯ ಗಾಜಿಗೆ ತಲೆಯಾನಿಸಿ ನಿಂತ ಪ್ರಯಾಣಿಕರನ್ನೂ ಕಾಣತೊಡಗಿದರು. ಪ್ರಯಾಣಿಕರಿಗೂ ಇವರು ಕಾಣುತ್ತಾರೆ. ಹೀಗಾಗಿ, ಹಿಂದೆ ಮದುವೆಯ ಮನೆಗೋ ಹೊಸ ಮನೆಯ ಗೃಹಪ್ರವೇಶಕ್ಕೋ ಮಾತ್ರ ನೆನಪಾಗುತ್ತಿದ್ದ ಕಿಟಕಿಯ ಅಲಂಕಾರವು ಈಗ ಅಲಂಕಾರವಾಗಿ ಉಳಿಯದೆ ಅವಶ್ಯಕತೆಯಾಗಿ ಪರಿಣಮಿಸಿದೆ. ಗಾಜಿಗೆ ಅಂಟಿದಂತೆ ಒಂದು ಬ್ಲೈಂಡ್ಸು, ಅದರ ಮುಂದೆ ಬಟ್ಟೆಯ ಕರ್ಟನ್ನು, ಕೆಲವರಿಗೆ ಇವೆರಡರ ನಡುವೆ ತೆಳುವಾದ ಜಾಲರಿಯ ಬಟ್ಟೆಯೊಂದು—ಹೀಗೆ ಪದರ ಪದರವಾಗಿ ಹೊದಿಸುವ ಪದ್ಧತಿ ಮನೆಯಿಂದ ಮನೆಗೆ ಹಬ್ಬುತ್ತಿದೆ.

ಈ ವ್ಯವಹಾರದಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳು ಹಲವು: ಪರದೆ, ಕರ್ಟನ್, ಬ್ಲೈಂಡ್ಸ್ (ಇದರ ಕೊನೆಯ ಸಕಾರವೇ ಬಹುವಚನವೆಂಬುದು ಯಾರಿಗೂ ಒಪ್ಪಿಗೆಯಾಗದೆ ‘ಬ್ಲೈಂಡ್ಸ್‌ಗಳು’ ಎಂದೇ ರೂಢಿ), ನೆಟ್ಟು, ಚಿಕ್ಕು. ಕೇಳಿಬರದ ಮಾತು ಒಂದೇ, ಅದು ‘ತೆರೆ’. ಮರೆಮಾಡುವ ಬಟ್ಟೆಗೆ ಕನ್ನಡದಲ್ಲಿ ಸಹಸ್ರ ವರ್ಷಗಳಿಂದ ಇರುವ ಹೆಸರು ಅದು. ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ. ಆದರೆ ಕಿಟಕಿಯ ಬಳಿಗೆ ಅದನ್ನು ಕರೆದವರಿಲ್ಲ.

ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಈ ಪದದ ಸಂಸಾರ ದೊಡ್ಡದಾಗಿದೆ. ತೆರೆಯೆಂದರೆ ಸಮುದ್ರದ ಅಲೆ, ತೆರೆಯೆಂದರೆ ಚರ್ಮದ ಸುಕ್ಕು—ನರೆತೆರೆ ಎಂಬ ಜೋಡುಮಾತಿನಲ್ಲಿ ಮುಪ್ಪಿನ ಎರಡು ಚಿಹ್ನೆಗಳನ್ನೂ ನಮ್ಮ ಹಿರಿಯರು ಒಟ್ಟಿಗೆ ಕಟ್ಟಿಟ್ಟಿದ್ದಾರೆ, ತೆರೆಯೆಂದರೆ ಮಡಿಕೆ, ತೆರೆಯೆಂದರೆ ಅಡ್ಡಗಟ್ಟಿದ ವಸ್ತ್ರ. ನೀರಿನಲ್ಲಿ ಏಳುವುದು, ಕೆನ್ನೆಯಲ್ಲಿ ಮೂಡುವುದು, ಅರಿವೆಯಲ್ಲಿ ಬೀಳುವುದು, ಮೂರೂ ಒಂದೇ ಆಕೃತಿಯೆಂಬುದನ್ನು ಕಂಡುಕೊಂಡ ಕಣ್ಣು ಯಾರದೋ ತಿಳಿಯದು. ತಮಿಳಿನ ‘ತಿರೈ’ಯೂ ಅಲೆಗೂ ಅಡ್ಡಬಟ್ಟೆಗೂ ಸಮಾನವಾಗಿ ಸಲ್ಲುವುದರಿಂದ, ಮಲೆಯಾಳದಲ್ಲಿ ಅಲೆಗೆ ‘ತಿರ’ವೆಂದೂ ರಂಗದ ಬಟ್ಟೆಗೆ ‘ತಿರಶ್ಶೀಲ’ವೆಂದೂ ಹೇಳುವುದರಿಂದ, ಈ ದೃಷ್ಟಿ ನಮ್ಮ ಭಾಷೆಗಳು ಒಂದರಿಂದೊಂದು ಬೇರೆಯಾಗುವುದಕ್ಕೆ ಮುಂಚಿನದೆಂದು ಊಹಿಸಬಹುದು. ಅಂದಮೇಲೆ ತೆರೆ ಎಂಬ ಹೆಸರು ಹುಟ್ಟಿದ್ದು ಮುಚ್ಚುವ ಗುಣದಿಂದಲ್ಲ, ಮಡಿಚಿ ಅಲುಗುವ ಗುಣದಿಂದ.

ಇದಕ್ಕಿಂತ ಸೋಜಿಗವಾದದ್ದು ಇನ್ನೊಂದುಂಟು. ‘ಬಾಗಿಲು ತೆರೆ’ ಎನ್ನುವಾಗಿನ ಕ್ರಿಯಾಪದ ಹಳಗನ್ನಡದಲ್ಲಿ ‘ತೆಱೆ’, ಅಂದರೆ ಶಕಟರೇಫೆಯುಳ್ಳದ್ದು. ಅಲೆಗೂ ಅಡ್ಡಬಟ್ಟೆಗೂ ಹೆಸರಾದ ‘ತೆರೆ’ ಸಾಧಾರಣ ರೇಫೆಯದು. ಕೇಶಿರಾಜನ ಕಾಲದ ವೈಯಾಕರಣರು ಎಚ್ಚರದಿಂದ ಕಾಪಾಡಲೆತ್ನಿಸಿದ ಆ ಅಕ್ಷರ ಕ್ರಮೇಣ ನಮ್ಮ ನಾಲಗೆಯಿಂದಲೂ ಲೇಖನಿಯಿಂದಲೂ ಜಾರಿಹೋದ ಬಳಿಕ, ಮುಚ್ಚಲು ಕಟ್ಟುವ ವಸ್ತುವಿಗೂ ಮುಚ್ಚಿದ್ದನ್ನು ಬಿಡಿಸುವ ಕ್ರಿಯೆಗೂ ಕನ್ನಡದಲ್ಲಿ ಒಂದೇ ರೂಪ ಉಳಿಯಿತು. ತಮಿಳಿನವರು ಇವೆರಡನ್ನೂ ಈಗಲೂ ಬೇರೆಬೇರೆಯಾಗಿಯೇ ಬರೆಯುತ್ತಾರೆ. ನಾವು ‘ತೆರೆ ತೆರೆಯಿತು’ ಎಂದು ಬರೆದು, ಕರ್ತೃ ಯಾವುದು ಕ್ರಿಯೆ ಯಾವುದು ಎಂಬ ಗೊಂದಲಕ್ಕೆ ಲೇಶವೂ ಎಡೆಗೊಡದೆ ಮುಂದೆ ಸಾಗುತ್ತೇವೆ. ಇದು ಕೇವಲ ಅಕ್ಷರನಾಶದಿಂದಾದ ಆಕಸ್ಮಿಕ. ಆದರೂ ಆ ಆಕಸ್ಮಿಕ ತಪ್ಪುದಾರಿ ಹಿಡಿಯಲಿಲ್ಲವೆಂದೇ ನನಗೆ ತೋರುತ್ತದೆ.

ಏಕೆಂದರೆ ತೆರೆ ಬಾಳಿ ಬದುಕಿದ ಸ್ಥಳಗಳನ್ನೆಲ್ಲ ನೋಡಿದರೆ, ಅದನ್ನು ಕಟ್ಟಿದ್ದು ಸರಿಸುವುದಕ್ಕಾಗಿಯೇ. ಯಕ್ಷಗಾನದ ರಂಗಸ್ಥಳದಲ್ಲಿ ಇಬ್ಬರು ಎರಡು ತುದಿಗಳನ್ನು ಹಿಡಿದು ನಿಲ್ಲುವ ಆ ತುಂಡುಬಟ್ಟೆಯನ್ನು ಸ್ಮರಿಸಿರಿ. ಅದಕ್ಕೆ ಕಂಬವಿಲ್ಲ, ಹಗ್ಗವಿಲ್ಲ, ಗಡಗಡೆಯಿಲ್ಲ. ಚೆಂಡೆಯ ಪೆಟ್ಟು ಏರುತ್ತಿರುವಾಗ ಮೇಲ್ಗಡೆ ಕಿರೀಟದ ತುದಿ, ಕೆಳಗಡೆ ಗೆಜ್ಜೆಯ ಪಾದ, ನಡುವೆ ಕುಣಿಯುವವನ ಉಸಿರಿಗೆ ಅಲುಗುವ ಬಟ್ಟೆ. ರಾಕ್ಷಸವೇಷವಾದರೆ ಒಳಗಿನಿಂದ ಅಬ್ಬರವೂ ಬೆರಳುಗಳ ಹಿಡಿತದಿಂದ ಬಟ್ಟೆಯ ಅಂಚಿನ ನಡುಕವೂ ಸೇರುತ್ತವೆ. ಪೂರ್ಣವಾಗಿ ಮರೆಯಾಗಿದ್ದರೆ ಅಷ್ಟು ಕುತೂಹಲವಿರಲಾರದು. ಮದುವೆಯ ಮಂಟಪದ ಅಂತರಪಟದ ನ್ಯಾಯವೂ ಇದೇ: ಸ್ವಸ್ತಿಕ ಬರೆದ ಬಿಳಿಯ ಬಟ್ಟೆಯನ್ನು ವಧೂವರರ ನಡುವೆ ಹಿಡಿದು, ಮಂಗಲಾಷ್ಟಕ ಮುಗಿದು ಮುಹೂರ್ತ ಬಂದೊಡನೆ ಅದನ್ನು ಸರಿಸಿ, ಒಬ್ಬರ ತಲೆಯ ಮೇಲೊಬ್ಬರು ಜೀರಿಗೆಬೆಲ್ಲ ಇಟ್ಟ ಮೇಲೆ ಆ ವಸ್ತ್ರದ ಕೆಲಸ ತೀರಿತು. 1884ರಲ್ಲಿ ಜನ್ಮತಳೆದ ಗುಬ್ಬಿ ಕಂಪನಿಯಂತಹ ನಾಟಕ ಮಂಡಲಿಗಳು ಊರಿಂದೂರಿಗೆ ಗಾಡಿಗಳಲ್ಲಿ ಹೇರಿಕೊಂಡು ಹೋದ ಚಿತ್ರದ ತೆರೆಗಳು—ಅರಮನೆಯದೊಂದು, ಅರಣ್ಯದ್ದೊಂದು, ಬೀದಿಯದೊಂದು—ಕೋಲಿಗೆ ಸುರುಳಿ ಸುತ್ತಿ ಏರಿಳಿಯುವಂಥವಾಗಿದ್ದವು. ಈಗ ಜರಗನಹಳ್ಳಿಯ ಕಿಟಕಿಗಳಿಗೆ ಬರುತ್ತಿರುವ ರೋಲರ್ ಬ್ಲೈಂಡ್ಸಿನ ಯಂತ್ರರಹಸ್ಯ ಅದಕ್ಕಿಂತ ಹೆಚ್ಚಿನದೇನೂ ಅಲ್ಲ. 1934ರಲ್ಲಿ ‘ಸತಿ ಸುಲೋಚನ’ ಬಂದು ಕನ್ನಡಕ್ಕೆ ಮಾತನಾಡುವ ಚಿತ್ರ ದೊರೆತ ಮೇಲಂತೂ ತೆರೆಗೆ ರಾಜಯೋಗವೇ ಪ್ರಾಪ್ತವಾಯಿತು: ಬೆಳ್ಳಿತೆರೆ, ಹಿರಿತೆರೆ, ಆಮೇಲೆ ಕಿರುತೆರೆ, ಚಿತ್ರ ಬಿಡುಗಡೆಯಾದರೆ ‘ತೆರೆ ಕಂಡಿತು’, ಯಾವುದಾದರೂ ಕಲಹ ಮುಗಿದರೆ ‘ತೆರೆ ಬಿತ್ತು’, ಮುಗಿಸಿದವನಿದ್ದರೆ ‘ತೆರೆ ಎಳೆದ’. (ಪ್ರಸಿದ್ಧಿಗೆ ಬಾರದ ಪ್ರತಿಭಾವಂತನನ್ನು ಇತ್ತೀಚೆಗೆ ‘ತೆರೆಮರೆಯ ಕಾಯಿ’ ಎಂದು ಬರೆಯುವವರಿದ್ದಾರೆ. ಕಾಯಿ ಇರುವುದು ಎಲೆಯ ಮರೆಯಲ್ಲಿ. ತೆರೆಯ ಹಿಂದೆ ಕಾಯಿ ಬಿಟ್ಟಿದ್ದನ್ನು ನಾನಂತೂ ಕಾಣೆ.)

ಹಾಗಾದರೆ ಮನೆಯ ಕಿಟಕಿಗೆ ಈ ಮಾತು ಏಕೆ ಬರಲಿಲ್ಲ? ಉತ್ತರ ಭಾಷೆಯಲ್ಲಿಲ್ಲ, ಗೋಡೆಯಲ್ಲಿದೆ. ಜರಗನಹಳ್ಳಿ ಊರಾಗಿದ್ದ ದಿನಗಳಲ್ಲಿ—ಹನಿಗವನಗಳ ಮೂಲಕ ಆ ಊರಿನ ಹೆಸರನ್ನು ನಾಡಿಗೆಲ್ಲ ಪರಿಚಯ ಮಾಡಿಸಿದ ಜರಗನಹಳ್ಳಿ ಶಿವಶಂಕರ್ ಅವರನ್ನು ಬಲ್ಲ ಓದುಗರಿಗೆ ಅದು ಬಡಾವಣೆಯ ಅಡ್ಡರಸ್ತೆಯಲ್ಲ, ಊರು ಎಂಬುದನ್ನು ಹೇಳಬೇಕಾಗಿಲ್ಲ—ಮೈಸೂರು ಸೀಮೆಯ ಇತರ ಹಳ್ಳಿಗಳಂತೆ ಇಲ್ಲಿಯೂ ಮನೆಯೆಂದರೆ ದಪ್ಪ ಮಣ್ಣುಗೋಡೆ, ಹೆಂಚಿನ ಸೂರು, ಜಗಲಿ. ಕಿಟಕಿಯೆಂದರೆ ಮರದ ಸರಳುಗಳನ್ನು ನಿಲ್ಲಿಸಿದ ಕಿರಿದಾದ ಕಂಡಿ, ಅದಕ್ಕೆ ಮರದ ಕದ. ಬೆಳಕು ಮೇಲಿನ ಗವಾಕ್ಷಿಯಿಂದಲೋ ತೊಟ್ಟಿಯಿಂದಲೋ ಇಳಿಯುತ್ತಿತ್ತು. ಗಾಜಿಲ್ಲದ ಕಿಟಕಿಗೆ ಬಟ್ಟೆಯ ಪ್ರಸಕ್ತಿಯೇ ಇಲ್ಲ: ಬೇಕಾದರೆ ಕದ ತೆಗೆ, ಬೇಡವಾದರೆ ಹಾಕು. ದೊಡ್ಡ ಗಾಜು ಬಂದಿತು, ಗಾಜಿನೊಡನೆ ಬಿಸಿಲೂ ಪರರ ದೃಷ್ಟಿಯೂ ಒಳಗೆ ಬಂದವು, ಆಗ ಬಟ್ಟೆ ಬೇಕಾಯಿತು. ಆ ಹೊತ್ತಿಗೆ ತೆರೆ ನಾಟಕಶಾಲೆಯಲ್ಲಿ ನೆಲೆಸಿ, ಮನೆಯ ದಾರಿ ಅದಕ್ಕೆ ತಿಳಿಯದಾಗಿತ್ತು.

ಬಂದದ್ದು ಪಾರಸಿಯ ಪರದೆ. ಉರ್ದು, ಮರಾಠಿಗಳ ಒಡನಾಟದಲ್ಲಿ ಕನ್ನಡಕ್ಕೆ ಇಳಿದ ಆ ಮಾತು ಮಲಗುವ ಕೋಣೆಯನ್ನೂ ಹೊಕ್ಕಿತು; ಈಗಲೂ ಹಿರಿಯ ಗೃಹಿಣಿಯೊಬ್ಬರಿಗೆ ಬರಿದೆ ‘ಪರದೆ ಕಟ್ಟು’ ಎಂದರೆ ನೆನಪಾಗುವುದು ಸೊಳ್ಳೆ ಪರದೆಯೇ. ಸ್ತ್ರೀಯರನ್ನು ಅನ್ಯರ ಕಣ್ಣಿನಿಂದ ಮರೆಮಾಡುವ ಪದ್ಧತಿಗೆ ಉತ್ತರದವರು ಪರದೆಯೆಂದರೆ, ಬೆಂಗಳೂರಿನವರು ಹೆಚ್ಚಾಗಿ ‘ಗೋಷಾ’ ಎಂದರು. ಪಾರಸಿಯಲ್ಲಿ ಮೂಲೆಯೆಂಬ ಅರ್ಥದ ಆ ಮಾತು ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಇದರಿಂದ ಪರದೆಗೆ ನಮ್ಮಲ್ಲಿ ಸಾಮಾಜಿಕ ಭಾರ ಅಷ್ಟಾಗಿ ಹತ್ತದೆ, ಅದು ಹಗುರವಾದ ಗೃಹಕೃತ್ಯದ ಮಾತಾಗಿಯೇ ಇರುವುದಕ್ಕೆ ಸಾಧ್ಯವಾಯಿತು.

ಸಂಸ್ಕೃತದ ಹೆಸರುಗಳು ಕೋಶದಲ್ಲಿ ಶೋಭಿಸುತ್ತವೆ, ಕಿಟಕಿಯಲ್ಲಿ ಅಲ್ಲ. ಅಮರಸಿಂಹ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂಬ ಮೂರನ್ನು ಒಂದೆಡೆ ಕೂಡಿಸಿದ್ದಾನೆ. ಕಡೆಯ ಹೆಸರನ್ನು ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮಾಲಯದ ಗುಹೆಗಳ ಬಾಗಿಲಿಗೆ ಇಳಿಬಿದ್ದ ಮೋಡಗಳಿಗೆ ಇಟ್ಟು ಅಮರಗೊಳಿಸಿದ. ಆದರೆ ಮರೆಮಾಡುವುದೆಂಬ ಅರ್ಥದ ತಿರಸ್ಕಾರ ಕನ್ನಡದಲ್ಲಿ ಕಡೆಗಣಿಕೆಯೆಂದಾಗಿರುವುದರಿಂದ, ಮನೆಗೆ ಬಂದ ಅತಿಥಿಯ ಮುಂದೆ ‘ತಿರಸ್ಕರಿಣಿ ಹಾಕಿಸಿದ್ದೇವೆ’ ಎನ್ನುವುದು ಕ್ಷೇಮವಲ್ಲ. ಪಶ್ಚಿಮದವರ ಪಾಡೂ ಇದಕ್ಕಿಂತ ಉತ್ತಮವೇನಲ್ಲ: ಪಟ್ಟಿಪಟ್ಟಿಯಾದ ಮರೆಗೆ ಇಂಗ್ಲಿಷಿನವರಲ್ಲಿ ಕುರುಡನ ಹೆಸರು, ಫ್ರೆಂಚರಲ್ಲಿ ಅಸೂಯೆಯ ಹೆಸರು, ಇಂಗ್ಲಿಷಿನವರು ಅದರ ಒಂದು ಜಾತಿಯನ್ನು ವೆನಿಸ್ ನಗರದ್ದೆನ್ನುತ್ತಾರೆ, ಫ್ರೆಂಚರು ಇನ್ನೊಂದನ್ನು ಪಾರಸಿಯದೆನ್ನುತ್ತಾರೆ.

ಹೆಸರಿನ ಮಾತು ಸಾಕು, ವಸ್ತುವಿನ ಹತ್ತಿರ ಹೋಗೋಣ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಅನ್ನು ನೋಡಿದವರಿಗೆ ಹೊರಗಿನಿಂದ ಮೊದಲು ಕಾಣುವುದು 1784ರಲ್ಲಿ ಟಿಪ್ಪು ಕಟ್ಟಿಸಿದ ಮಹಲಲ್ಲ, ಅದರ ಕಂಬಗಳ ಸಾಲಿಗೆ ಸುತ್ತಲೂ ಇಳಿಬಿಟ್ಟಿರುವ ಹಸಿರು ಪರದೆಗಳು. ಕಂಬಗಳ ಹಿಂದಿನ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರಗಳು ಬಿಸಿಲಿಗೆ ಮಾಸಬಾರದೆಂದು ಆ ಏರ್ಪಾಡು. ಅಲ್ಲಿ ಗಮನಿಸತಕ್ಕದ್ದು, ಬಿಸಿಲನ್ನು ಹೊರಗಡೆಯೇ ತಡೆದಿರುವುದು. ಗಾಜಿನ ಮೂಲಕ ಬೆಳಕು ಸರಾಗವಾಗಿ ಒಳಬರುತ್ತದೆ; ಒಳಗೆ ಬಿದ್ದ ವಸ್ತುವನ್ನು ಕಾಯಿಸಿ ಶಾಖವಾದ ಮೇಲೆ ಅದೇ ಗಾಜಿನಿಂದ ಹಿಂದಿರುಗಿ ಹೋಗಲಾರದು. ಆದುದರಿಂದ ಗಾಜಿನ ಒಳಬದಿಯ ಬ್ಲೈಂಡ್ಸು ಕಣ್ಣಿಗೆ ತಂಪು, ಕೋಣೆಗೆ ಅರ್ಧ ತಂಪು. ಬಾಲ್ಕನಿಯ ಹೊರಗೆ ಕಟ್ಟಿದ ಬಿದಿರಿನ ಚಿಕ್ಕು, ಅಥವಾ ಬೇಸಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿ, ಇವೇ ನಿಜವಾದ ಉಪಕಾರಿಗಳು. ಆದರೆ ಕಟ್ಟಡದ ಅಂದ ಕೆಡುವುದೆಂದು ಹೊರಗೆ ಏನನ್ನೂ ತೂಗಹಾಕಗೊಡದ ನಿವಾಸಿಗಳ ಸಂಘಗಳಿರುವಾಗ ಒಳಬದಿಯೇ ಗತಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರಕ್ಕೂ ಆಗಸ್ಟ್ ಮಧ್ಯಕ್ಕೂ ಸೂರ್ಯ ನಡುನೆತ್ತಿಗೆ ಬಂದು, ನಡುವಣ ತಿಂಗಳುಗಳಲ್ಲಿ ಮಧ್ಯಾಹ್ನ ಉತ್ತರಕ್ಕೆ ಸರಿದಿರುತ್ತಾನೆ. ದಕ್ಷಿಣದ ಕಿಟಕಿಗೆ ದಪ್ಪ ಬಟ್ಟೆ ಕೊಳ್ಳುವವರು ಈ ಲೆಕ್ಕ ಹಾಕುವುದಿಲ್ಲ. ಸಂಕಟವೆಲ್ಲ ಪಶ್ಚಿಮದ ಗಾಜಿನದು, ಅದೂ ಮಾರ್ಚ್ ತಿಂಗಳ ಇಳಿಹೊತ್ತಿನದು.

ಈ ಬ್ಲೈಂಡ್ಸು, ಕರ್ಟನ್ನುಗಳನ್ನು ಗೋಡೆಗೆ ಕೂಡಿಸುವ ಕೆಲಸವನ್ನು ನೆರೆಯ ಮನೆಯೊಂದರಲ್ಲಿ ನಿಂತು ನೋಡಿದೆ. ಬ್ಲೈಂಡ್ಸನ್ನು ಚೌಕಟ್ಟಿನ ಒಳಗೇ ಕೂರಿಸಬೇಕಾದರೆ ಗೋಡೆಗೆ ಆಳ ಬೇಕು. ಹಳೆಯ ಒಂಬತ್ತಂಗುಲದ ಇಟ್ಟಿಗೆಯ ಗೋಡೆಗೆ ಅದಿತ್ತು, ಈಗಿನ ಆರಂಗುಲದ ಬ್ಲಾಕ್ ಗೋಡೆಗೆ ಗ್ರಿಲ್ಲೂ ಜಾರುಬಾಗಿಲೂ ಸೊಳ್ಳೆಜಾಲರಿಯೂ ಸೇರಿದ ಮೇಲೆ ಉಳಿಯುವುದು ಅತ್ಯಲ್ಪ. ಕರ್ಟನ್ನಿನ ರಾಡು ಚೌಕಟ್ಟಿಗಿಂತ ನಾಲ್ಕಾರು ಅಂಗುಲ ಮೇಲೆ, ಎರಡು ಪಕ್ಕಕ್ಕೂ ಅಷ್ಟೇ ಆಚೆಗೆ ಚಾಚಿರಬೇಕು. ಇಲ್ಲವಾದರೆ ಸರಿಸಿದ ಬಟ್ಟೆ ಗಾಜಿನ ಮೇಲೆಯೇ ಕುಳಿತು ಹಗಲಿನ ಬೆಳಕನ್ನು ನುಂಗುತ್ತದೆ. ಆ ಎತ್ತರದಲ್ಲಿ ಇರುವುದು ಕಾಂಕ್ರೀಟಿನ ಲಿಂಟಲ್. ಹ್ಯಾಮರ್ ಡ್ರಿಲ್ಲು ಒಂದಂಗುಲ ಹೋಗಿ ಕಿರ್ರೆಂದು ನಿಂತಿತು.

“ಅಮ್ಮಾ, ಕಂಬಿ ಸಿಗ್ತಾ ಐತೆ. ಒಂದೆರಡು ಇಂಚು ಮೇಲಕ್ಕೆ ಹೋಗೋಣ್ವಾ?” ಎಂದ ಹುಡುಗ ಏಣಿಯ ಮೇಲಿನಿಂದ.

“ಹೋಗಪ್ಪಾ, ಆದ್ರೆ ಆ ತೂತು ಮುಚ್ಚಿ ಹೋಗು. ಆಮೇಲೆ ಮುಚ್ತೀನಿ ಅಂತ ಹೇಳಿ ಹೋದೋರು ಯಾರೂ ಬಂದಿಲ್ಲ” ಎಂದರು ಮನೆಯಾಕೆ.

ಹುಡುಗ ನಕ್ಕು, ಹೊಸ ತೂತಿಗೆ ಗಿಟ್ಟಿ ಬಡಿದು, ಎರಡು ರಾಡು ಹಿಡಿಯುವ ಬ್ರ್ಯಾಕೆಟ್ಟನ್ನು ತಿರುಪಿನಿಂದ ಬಿಗಿದ. ಹಿಂದಿನ ರಾಡಿಗೆ ತೆಳುಬಟ್ಟೆ, ಮುಂದಿನದಕ್ಕೆ ದಪ್ಪದ್ದು. ಬಟ್ಟೆಯನ್ನು ಕಿಟಕಿಯ ಅಗಲಕ್ಕಿಂತ ಇಮ್ಮಡಿ ತೆಗೆದುಕೊಳ್ಳದಿದ್ದರೆ ಎಳೆದಾಗ ಅದು ಚಪ್ಪಟೆಯಾಗಿ, ಒಗೆದು ಹರವಿದ ಲುಂಗಿಯಂತೆ ನಿಲ್ಲುತ್ತದೆ. ಮಾರುವವರು ಹೇಳದ ಸಂಗತಿಯೊಂದನ್ನು ನಾನು ಹೇಳುತ್ತೇನೆ: ಅಡ್ಡಪಟ್ಟಿಗಳ ಬ್ಲೈಂಡ್ಸಿನಲ್ಲಿ ಕನಕಪುರ ರಸ್ತೆಯ ಧೂಳು ಪಟ್ಟಿಪಟ್ಟಿಗೂ ಕೂರುತ್ತದೆ, ಒದ್ದೆಬಟ್ಟೆಯಿಂದ ಒಂದೊಂದನ್ನೇ ಒರೆಸುವ ತಾಳ್ಮೆ ಮನೆಯಲ್ಲಿ ಯಾರಿಗಿದೆಯೆಂದು ನಿಶ್ಚಯಿಸಿಕೊಂಡು ಆಮೇಲೆ ಕೊಳ್ಳಬೇಕು.

ಹೀಗೆ ಬ್ಲೈಂಡ್ಸೂ ಬಟ್ಟೆಯೂ ಕೂಡಿನಿಂತಾಗ ಅವುಗಳ ವೃತ್ತಿಭೇದ ಸ್ಪಷ್ಟವಾಯಿತು. ಹಿಂದಿನ ಬ್ಲೈಂಡ್ಸು ಕದಲದೆ, ಮಡಿಕೆಯಿಲ್ಲದೆ, ರೈಲಿನವರ ಕಣ್ಣನ್ನೂ ಪಶ್ಚಿಮದ ಬಿಸಿಲನ್ನೂ ತಡೆಯುತ್ತದೆ, ಅದು ಮರೆ. ಮುಂದಿನ ಬಟ್ಟೆ ಗಾಳಿಗೆ ಉಬ್ಬಿ, ನೆರಿಗೆ ನೆರಿಗೆಯಾಗಿ ಬಿದ್ದು, ದಿನಕ್ಕೆ ಹತ್ತು ಸಲ ಸರಿಯುತ್ತದೆ. ಅಲೆ, ಸುಕ್ಕು, ಮಡಿಕೆಗಳ ಕುಲಕ್ಕೆ ಸೇರಿದ್ದು ಅದೊಂದೇ. ತೆರೆಮರೆ ಎಂಬ ಸಮಾಸದಲ್ಲಿ ಕನ್ನಡ ಈ ಇಬ್ಬರನ್ನು ಎಂದೋ ಜೊತೆಗೂಡಿಸಿಟ್ಟಿದೆ, ನಾವು ಅದನ್ನು ರಾಜಕಾರಣಿಗಳ ಗುಪ್ತ ಮಾತುಕತೆಗಳಿಗೆ ಮೀಸಲಿಟ್ಟಿದ್ದೇವೆ. ಭಾಷೆಯ ವಿಷಯದಲ್ಲಿ ಆಜ್ಞೆ ಹೊರಡಿಸುವವರಲ್ಲಿ ನನಗೆ ವಿಶ್ವಾಸ ಸಾಲದು. ಆದರೂ ನಮ್ಮ ಮನೆಯಲ್ಲಿ ಸಂಜೆ ‘ಮರೆ ಇಳಿಸು, ತೆರೆ ಬಿಡು’ ಎಂದು ಹೇಳಿ ನೋಡಿದ್ದುಂಟು, ಮಕ್ಕಳು ಯಾವ ಸಂದೇಹವೂ ಇಲ್ಲದೆ ಸರಿಯಾದುದನ್ನೇ ಮಾಡಿದರು. ಅಂಗಡಿಯ ರಸೀದಿಯವರೆಗೆ ಈ ಮಾತು ನಡೆದುಹೋಗುವ ಸಂಭವ ಸದ್ಯಕ್ಕಿಲ್ಲ. ಅಲ್ಲಿ ಬ್ಲೈಂಡ್ಸಿಗೆ ಚದರಡಿಯ ಲೆಕ್ಕ, ಕರ್ಟನ್ನಿಗೆ ಮೀಟರಿನ ಲೆಕ್ಕ, ಹೊಲಿಗೆಯ ಕೂಲಿ ಬೇರೆ, ಪ್ಲೀಟು ಹೆಚ್ಚಾದರೆ ಅದಕ್ಕೆ ಮತ್ತೂ ಬೇರೆ.