ಲೋಮನಾಳದ ಬಣ್ಣದ ಪಟ್ಟಿ: ಗ್ರಿಫಿತ್ಸ್‌ಗೆ ಸಲ್ಲಬೇಕಾದ ಪಾಲು

ಲೋಮನಾಳದಲ್ಲಿ ಹರಿಯುವ ನೀರಿನೊಳಗೆ ಕರಗಿದ ವಸ್ತು ಹರಡುವ ಬಗೆಯ ಚರಿತ್ರೆಯನ್ನು ಜಿ. ಐ. ಟೇಲರ್ 1953ರಲ್ಲಿ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಪ್ರಕಟಿಸಿದ ಲೇಖನದಿಂದ ಆರಂಭಿಸುವುದು ರೂಢಿ. ಆಲ್ಬರ್ಟ್ ಗ್ರಿಫಿತ್ಸ್ ಅವರ 1911ರ ಲೇಖನಕ್ಕೆ ಸಿಕ್ಕರೆ ಒಂದು ಅಡಿಟಿಪ್ಪಣಿ ಸಿಗುತ್ತದೆ, ಅದೂ ಅವರು ಆಕಸ್ಮಿಕವಾಗಿ ಏನನ್ನೋ ಕಂಡರು ಎಂಬ ಧಾಟಿಯಲ್ಲಿ. ಈ ಓದನ್ನು ನಾನು ಒಪ್ಪುವುದಿಲ್ಲ.

ಗ್ರಿಫಿತ್ಸ್ ಕಂಡದ್ದು ಇದು: ನಿಧಾನವಾಗಿ ಸಾಗುವ ನೀರಿನಲ್ಲಿ ಬಣ್ಣದ ಪಟ್ಟಿ ಹಿಂದಕ್ಕೂ ಮುಂದಕ್ಕೂ ಸಮನಾಗಿ ಹರಡುತ್ತದೆ, ಅದರ ನಡುಭಾಗ ನೀರಿನ ಸರಾಸರಿ ವೇಗದಲ್ಲೇ ಚಲಿಸುತ್ತದೆ. ಆದರೆ ನಾಳದ ಅಕ್ಷದಲ್ಲಿ ನೀರಿನ ವೇಗ ಸರಾಸರಿಯ ಎರಡರಷ್ಟು, ಗೋಡೆಯಲ್ಲಿ ಸೊನ್ನೆ. ಅಂದಮೇಲೆ ನಡುವಿನ ತಿಳಿನೀರು ಹಿಂದಿನಿಂದ ಬಂದು ಪಟ್ಟಿಯನ್ನು ಹೊಕ್ಕು, ಬಣ್ಣ ಪಡೆದು, ಮುಂದಿನ ಅಂಚು ದಾಟುವಷ್ಟರಲ್ಲಿ ಆ ಬಣ್ಣವನ್ನೆಲ್ಲ ಕಳೆದುಕೊಂಡು ಮತ್ತೆ ತಿಳಿಯಾಗಬೇಕು. ಟೇಲರ್ ಅವರ ಇಡೀ ಸಿದ್ಧಾಂತ ಉತ್ತರಿಸುವುದು ಈ ಒಗಟಿಗೇ.

ಇದು ಆಕಸ್ಮಿಕವೇ? ಗ್ರಿಫಿತ್ಸ್ ಅವರಿಗೆ ಬೇಕಾಗಿದ್ದುದು ಮುಚ್ಚಿದ ನಾಳದ ಸುತ್ತಿನಲ್ಲಿ ನೀರು ಎಷ್ಟು ವೇಗವಾಗಿ ಹರಿಯುತ್ತದೆ ಎಂಬ ಅಳತೆ. ಬಣ್ಣದ ಪಟ್ಟಿ ಅವರ ಅಳತೆಗೋಲು. ಪಟ್ಟಿ ಸರಾಸರಿ ವೇಗವನ್ನು ಬಿಟ್ಟು ಅಕ್ಷದ ವೇಗದಲ್ಲಿ ಸಾಗಿದ್ದರೆ ಅವರ ಲೆಕ್ಕವೆಲ್ಲ ಎರಡು ಪಟ್ಟು ತಪ್ಪುತ್ತಿತ್ತು. ಯಾವ ಸಂಗತಿಯ ಮೇಲೆ ಒಬ್ಬ ಪ್ರಯೋಗಕಾರ ತನ್ನ ಅಳತೆಯನ್ನೇ ನಿಲ್ಲಿಸಿದ್ದಾನೋ ಅದನ್ನು ಆಕಸ್ಮಿಕ ಎನ್ನುವುದು ಮೂಲವನ್ನು ಓದದವರ ಮಾತು.

ಇನ್ನೊಂದು ತಪ್ಪು ಪಠ್ಯಪುಸ್ತಕಗಳಲ್ಲಿ ಬೇರೂರಿದೆ: ಹರಿವು ಬಣ್ಣವನ್ನು ಎಳೆದು ಹಿಗ್ಗಿಸುತ್ತದೆ, ವಿಸರಣೆ ಅದನ್ನು ಇನ್ನಷ್ಟು ಹರಡುತ್ತದೆ ಎಂಬ ವಿವರಣೆ. ಟೇಲರ್ ತೋರಿಸಿದ್ದು ಇದಕ್ಕೆ ವಿರುದ್ಧವಾದದ್ದನ್ನು. ಅವರ ಸೂತ್ರದಲ್ಲಿ ಉದ್ದಕ್ಕೆ ಹರಡುವ ಗುಣಾಂಕವೆಂದರೆ ತ್ರಿಜ್ಯದ ವರ್ಗವನ್ನು ಸರಾಸರಿ ವೇಗದ ವರ್ಗದಿಂದ ಗುಣಿಸಿ, ವಿಸರಣ ಗುಣಾಂಕದ 48 ಪಟ್ಟಿನಿಂದ ಭಾಗಿಸಿದ್ದು. ವಿಸರಣೆ ಛೇದದಲ್ಲಿದೆ! ಅದು ಬಲವಾದಷ್ಟೂ ಪಟ್ಟಿ ಬಿಗಿಯಾಗಿ ಉಳಿಯುತ್ತದೆ. ಟೇಲರ್ ಬಳಸಿದ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಸುಮಾರು ಅರ್ಧ ಮಿಲಿಮೀಟರ್ ಒಳವ್ಯಾಸದ ನಾಳ. ಅಷ್ಟು ಸಪುರ ನಾಳದಲ್ಲಿ ಅಡ್ಡಲಾಗಿ ಬಣ್ಣ ಸಮನಾಗಲು ಕೆಲವೇ ಸೆಕೆಂಡು ಸಾಕು. ನಾಳದುದ್ದಕ್ಕೂ ಸಾಗಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕಾಗುವಂತೆ ಹರಿವು ನಿಧಾನವಾಗಿರಬೇಕು. ಈ ಷರತ್ತನ್ನು ಬಿಟ್ಟು ಸೂತ್ರವನ್ನಷ್ಟೇ ಬರೆದುಕೊಳ್ಳುವವರೇ ಹೆಚ್ಚು.

ನಿಯಮ ಟೇಲರ್ ಅವರದು, ಅದರಲ್ಲಿ ವಿವಾದವಿಲ್ಲ. ಗ್ರಿಫಿತ್ಸ್ ಗುಣಾಂಕವನ್ನು ಕೊಡಲಿಲ್ಲ. ಸಾಮಾನ್ಯ ವಿಸರಣೆಯ ಪದವನ್ನೂ ಕೂಡಿಸಿ ಸಿದ್ಧಾಂತವನ್ನು ವಿಸ್ತರಿಸಿದ 1956ರ ಲೇಖನಕ್ಕಾಗಿ ರದರ್‌ಫರ್ಡ್ ಆರಿಸ್ ಅವರ ಹೆಸರು ಟೇಲರ್ ಜೊತೆ ಸೇರಿತು, ಅದೂ ನ್ಯಾಯವೇ. ಆದರೆ ಟೇಲರ್ ಸ್ವತಃ ತಮ್ಮ ಲೇಖನದಲ್ಲಿ ಗ್ರಿಫಿತ್ಸ್ ಅವರ ವೀಕ್ಷಣೆಯನ್ನು ಹೆಸರಿಸಿ ಚರ್ಚಿಸಿದ್ದಾರೆ. ಹೆಸರನ್ನು ಕೈಬಿಟ್ಟವರು ಆಮೇಲಿನವರು. ಮುಂದಿನ ಪಠ್ಯಗಳಾದರೂ ಈ ವಿಷಯವನ್ನು 1911ರಿಂದ ಆರಂಭಿಸಲಿ.