ದೀಪ ಹಿಡಿದವಳ ಕೈ

ಇವತ್ತು ಒಂದೇ ಒಂದು ಚಿತ್ರದ ಬಗ್ಗೆ ಮಾತಾಡೋಣ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಇದನ್ನು ಮರೆಯೋದು ಕಷ್ಟ. ಸೀರೆ ಉಟ್ಟ ಹೆಣ್ಣುಮಗಳು, ಕೈಯಲ್ಲಿ ದೀಪ, ಹಿಂದೆ ಅವಳದೇ ನೆರಳು. ಯಾರದೋ ಮನೆಯ ಗೋಡೆ ಮೇಲೆ ನೀವೂ ಇದರ ಪ್ರತಿ ನೋಡಿರ್ತೀರಿ. ‘ರವಿವರ್ಮನ ಚಿತ್ರ ಅಲ್ವಾ?’ ಅನ್ನೋರೇ ಹೆಚ್ಚು.

ಅಲ್ಲ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು 1945–46ರ ಚಿತ್ರ. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್. ಮುಂಬೈನ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, 1908ರಲ್ಲಿ ಅದೇ ಊರಲ್ಲಿ ಸ್ವಂತ ಚಿತ್ರಕಲಾ ಶಾಲೆ ತೆರೆದವರು. ಅಂದರೆ ಮುಂಬೈ ಕನ್ನಡಿಗರಿಗೆ ಇವರು ಊರಿನವರೇ. ಅರಮನೆಯ ಗ್ಯಾಲರಿಯಲ್ಲಿ ರವಿವರ್ಮನ ಚಿತ್ರಗಳೂ ಇರೋದರಿಂದ ಇವರ ಹೆಸರು ಹಿಂದೆ ಸರಿದುಬಿಟ್ಟಿದೆ.

ಹೆಸರು ತಪ್ಪಿದರೆ ಏನು ನಷ್ಟ? ಚಿತ್ರವನ್ನು ನೋಡೋ ರೀತಿಯೇ ತಪ್ಪುತ್ತೆ. ರವಿವರ್ಮ ಅಂದ ಕೂಡಲೇ ತೈಲವರ್ಣ ಅಂದುಕೊಳ್ತೀವಿ. ಇದು ಜಲವರ್ಣ. ತೈಲದಲ್ಲಿ ಮೊದಲು ಕತ್ತಲೆ ಬಳಿದು, ಅದರ ಮೇಲೆ ಬೆಳಕನ್ನು ಇಡಬಹುದು. ಪಾರದರ್ಶಕ ಜಲವರ್ಣದಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ಬೆಳಕು ಅಂದರೆ ಬಣ್ಣದ ಅಡಿಯ ಬಿಳಿ ಕಾಗದ. ಎಲ್ಲಿ ಬೆಳಕು ಬೇಕೋ ಅಲ್ಲಿ ಕುಂಚ ತಡೆಯಬೇಕು. ಒಮ್ಮೆ ಗಾಢ ಬಣ್ಣ ಹರಿದರೆ ಹಿಂದಕ್ಕೆ ಪಡೆಯೋದು ಬಹಳ ಕಷ್ಟ. ಇಷ್ಟೊಂದು ಕತ್ತಲೆಯ ನಡುವೆ ಆ ಬೆಳಕನ್ನು ಉಳಿಸಿಕೊಂಡದ್ದೇ ಹಲ್ದಂಕರ್ ಅವರ ಸಾಧನೆ.

ಈಗ ಭಾವಕ್ಕೆ ಬರೋಣ. ಚಿತ್ರದ ಇಂಗ್ಲಿಷ್ ಹೆಸರು ‘ಗ್ಲೋ ಆಫ್ ಹೋಪ್’, ಭರವಸೆಯ ಬೆಳಕು. ಎಲ್ಲರೂ ಆ ಭರವಸೆಯನ್ನು ಮುಖದಲ್ಲಿ ಹುಡುಕ್ತಾರೆ. ನಾನು ಕೈ ನೋಡಿ ಅಂತೀನಿ. ದೀಪ ಆರದ ಹಾಗೆ ಅಂಗೈ ಅಡ್ಡ ಹಿಡಿದಿದ್ದಾಳೆ. ಬೆರಳುಗಳ ಸಂದಿ ಕೆಂಪಾಗಿದೆ. ಸಂಜೆ ದೀಪವನ್ನು ತುಳಸಿಕಟ್ಟೆಗೆ ಒಯ್ಯುವಾಗ ನಮ್ಮ ಮನೆಗಳಲ್ಲಿ ಹೀಗೇ ಹಿಡೀತಾರಲ್ಲ, ಹಾಗೆ. ಮುಖದಲ್ಲಿರೋ ನೆಮ್ಮದಿ ಆ ಕೈಯ ಎಚ್ಚರದಿಂದ ಬಂದದ್ದು ಅಂತ ನನ್ನ ಓದು. ಗಾಳಿ ಇದೆ ಅಂತ ಅವಳಿಗೆ ಗೊತ್ತು. ದೀಪ ಉಳಿಯುತ್ತೆ ಅಂತಲೂ ಗೊತ್ತು.

ಚಿತ್ರಕ್ಕೆ ನಿಂತವರು ಹಲ್ದಂಕರ್ ಅವರ ಮಗಳು ಗೀತಾ. 2018ರಲ್ಲಿ, 102ನೇ ವಯಸ್ಸಿನಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಮುಂದಿನ ಸಲ ಮೈಸೂರಿಗೆ ಹೋದಾಗ ಮಕ್ಕಳಿಗೆ ಅಪ್ಪ, ಮಗಳು ಇಬ್ಬರ ಹೆಸರನ್ನೂ ಹೇಳಿ. ಆಮೇಲೆ ಆ ಕೈ ತೋರಿಸಿ.