ಹನ್ನೊಂದು ಜನರ ಒಂದು ‘ಖೋ’

ಡೆಕ್ಕನ್ ಜಿಮ್‌ಖಾನಾ ಎಂದರೆ ಪುಣೆಯ ನಿಮಗೆ ಬಸ್ಸಿನ ಬೋರ್ಡು ನೆನಪಾಗಬಹುದು, ಇಲ್ಲವೇ ಸಂಜೆ ಹೊತ್ತಿನ ಟ್ರಾಫಿಕ್ಕು. ಆ ಭಾಗಕ್ಕೆ ಆ ಹೆಸರು ಬಂದದ್ದು 1906ರಲ್ಲಿ ಹುಟ್ಟಿದ ಒಂದು ಕ್ರೀಡಾಸಂಸ್ಥೆಯಿಂದ. ಅದೇ ಸಂಸ್ಥೆಯವರು 1914ರಲ್ಲಿ ಕೂತು, ನಮ್ಮ ಹಳ್ಳಿಹಳ್ಳಿಗಳ ಮಕ್ಕಳು ಆಡುತ್ತಿದ್ದ ಒಂದು ಹಳೆಯ ಆಟಕ್ಕೆ ನಿಯಮ ಬರೆದರು. ಆಟದ ಹೆಸರು ಖೋ ಖೋ. ಅದಕ್ಕೂ ಕನ್ನಡ ಕಾದಂಬರಿಗೂ ಏನು ಸಂಬಂಧ ಎನ್ನುತ್ತೀರಾ? ಸ್ವಲ್ಪ ತಾಳಿ.

ಮೊದಲು ಆಟವನ್ನೊಮ್ಮೆ ನೆನಪಿಸಿಕೊಳ್ಳಿ. ಎಂಟು ಜನ ಸಾಲಾಗಿ ಕೂತಿರುತ್ತಾರೆ. ಒಬ್ಬನ ಮುಖ ಆ ಕಡೆ, ಪಕ್ಕದವನ ಮುಖ ಈ ಕಡೆ. ಒಂಬತ್ತನೆಯವನು ಎದುರಾಳಿಯನ್ನು ಬೆನ್ನಟ್ಟುತ್ತಾನೆ. ತನ್ನಿಂದಾಗದು ಎಂದಾಗ ಕೂತವನೊಬ್ಬನ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ಹಿಂದಿನಿಂದಲೇ ಕೊಡಬೇಕು, ಮುಖ ನೋಡಿ ಕೊಡುವ ಹಾಗಿಲ್ಲ. ಖೋ ಸಿಕ್ಕವನು ತಕ್ಷಣ ಎದ್ದು ಓಡಬೇಕು. ಒಮ್ಮೆ ಹಿಡಿದ ದಿಕ್ಕನ್ನು ತುದಿಯ ಕಂಬದವರೆಗೆ ಬದಲಿಸುವಂತಿಲ್ಲ. ಖೋ ಕೊಟ್ಟವನು ಅವನ ಜಾಗದಲ್ಲಿ ಸುಮ್ಮನೆ ಕೂರಬೇಕು. ಅವನ ಓಟ ಅಲ್ಲಿಗೆ ಮುಗಿಯಿತು, ಇನ್ನು ಆಟ ಬೇರೆಯವರದು.

1950ರ ದಶಕದಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಒಂದು ಕಾದಂಬರಿ ಬಂತು. ಬರೆದವರು ಒಬ್ಬರಲ್ಲ, ಹನ್ನೊಂದು ಜನ. ಅದಕ್ಕಿಟ್ಟ ಹೆಸರು ‘ಖೋ’. ಒಬ್ಬರು ಬರೆದು ನಿಲ್ಲಿಸಿದ ಕಥೆಯನ್ನು ಮುಂದಿನವರು ಎತ್ತಿಕೊಂಡು ಓಡುವುದಕ್ಕೆ ಇದಕ್ಕಿಂತ ಸರಿಯಾದ ಹೆಸರು ಯಾವ ಭಾಷೆಯಲ್ಲೂ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ಇಂಗ್ಲಿಷಿನವರು ಇಂಥದ್ದನ್ನು ‘ರಿಲೇ’ ಎನ್ನುತ್ತಾರೆ. ಆದರೆ ರಿಲೇ ಓಟದಲ್ಲಿ ಮುಂದಿನವನು ಕೈ ಚಾಚಿಕೊಂಡು ಕಾಯುತ್ತಿರುತ್ತಾನೆ, ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಖೋದಲ್ಲಿ ಹಾಗಲ್ಲ. ಯಾವಾಗ ಬೆನ್ನಿಗೆ ಕೈ ಬೀಳುತ್ತದೋ ತಿಳಿಯದು, ಪಕ್ಕದವನ ಮುಖವೇ ಬೇರೆ ಕಡೆ. ಲೇಖಕರ ಸ್ವಭಾವ ಬಲ್ಲವರಿಗೆ ಇದು ಹೆಚ್ಚು ನಿಜ ಎನಿಸೀತು!

ಗ್ರಂಥಮಾಲೆ ಶುರುವಾದದ್ದು 1933ರಲ್ಲಿ. ಅದನ್ನು ಕಟ್ಟಿದವರು ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದ ಜಿ.ಬಿ. ಜೋಶಿ. ಓದುಗರು ವರ್ಷದ ಚಂದಾ ಕಟ್ಟುವುದು, ಅವರಿಗೆ ಪುಸ್ತಕ ತಲುಪಿಸುವುದು, ಇದು ಕ್ರಮ. ಸುಭಾಸ ರಸ್ತೆಯ ಅದರ ‘ಅಟ್ಟ’ ಧಾರವಾಡದಲ್ಲಿ ಒಂದು ಹೆಸರಾಂತ ಜಾಗ. ಬೇಂದ್ರೆಯವರ ಬೆಂಬಲ, ಕೀರ್ತಿನಾಥ ಕುರ್ತಕೋಟಿಯವರ ಓದು, ಚಹಾ, ಎಲೆ‌ಅಡಿಕೆ, ಜಗಳ, ಎಲ್ಲವೂ ಅಲ್ಲಿ ನಡೆದವು. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ 1956ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದೂ ಅಲ್ಲಿಂದಲೇ. ಮುಂದೆ 1974ರಲ್ಲಿ ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯನ್ನು ಅಚ್ಚು ಹಾಕಿದ್ದೂ ಇದೇ ಅಟ್ಟ. ಇಂಥ ಕಡೆ ಹನ್ನೊಂದು ಜನ ಸೇರಿ ಒಂದು ಕಾದಂಬರಿ ಬರೆಯುವುದು ಆಶ್ಚರ್ಯವಲ್ಲ. ಬರೆಯದೆ ಇದ್ದಿದ್ದರೆ ಆಶ್ಚರ್ಯ.

ಅಂದಹಾಗೆ, ಧಾರವಾಡಕ್ಕೂ ಪುಣೆಗೂ ಆಗ ಇಂದಿನಷ್ಟು ದೂರವಿರಲಿಲ್ಲ. 1956ರ ನವೆಂಬರ್ 1ರವರೆಗೆ ಎರಡೂ ಮುಂಬಯಿ ರಾಜ್ಯದ ಊರುಗಳೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮುಂಚೆ ಬಿ.ಎ. ಮಾಡಬೇಕೆಂದರೆ ಎಷ್ಟೋ ಹುಡುಗರು ಪುಣೆಯ ರೈಲನ್ನೇ ಹತ್ತುತ್ತಿದ್ದರು. ಬೇಂದ್ರೆಯವರು ಪದವಿ ಪಡೆದದ್ದು ನಮ್ಮ ಫರ್ಗ್ಯುಸನ್ ಕಾಲೇಜಿನಿಂದ, 1918ರಲ್ಲಿ. ಡೆಕ್ಕನ್ ಜಿಮ್‌ಖಾನಾದಿಂದ ಅಲ್ಲಿಗೆ ನಡೆದೇ ಹೋಗಬಹುದು.

ಹಲವರು ಸೇರಿ ಕಾದಂಬರಿ ಬರೆಯುವ ಹುಚ್ಚು ಧಾರವಾಡಕ್ಕಷ್ಟೇ ಹಿಡಿದದ್ದಲ್ಲ. ಬಂಗಾಳಿಯಲ್ಲಿ 1920ರ ಸುಮಾರಿಗೆ ‘ಭಾರತಿ’ ಪತ್ರಿಕೆಯ ಬಳಗದ ಹನ್ನೆರಡು ಜನ ಒಂದು ಕಾದಂಬರಿ ಬರೆದರು. ಶರತ್‌ಚಂದ್ರರೂ ಅದರಲ್ಲಿ ಒಬ್ಬರು. ಅದನ್ನು ‘ಬಾರೋಯಾರಿ’ ಕಾದಂಬರಿ ಎಂದು ಕರೆದರು. ಬಾರೋ ಎಂದರೆ ಹನ್ನೆರಡು, ಯಾರ್ ಎಂದರೆ ಗೆಳೆಯ. ಹದಿನೆಂಟನೆಯ ಶತಮಾನದ ಕೊನೆಗೆ ಹೂಗ್ಲಿ ಜಿಲ್ಲೆಯ ಗುಪ್ತಿಪಾಡಾದಲ್ಲಿ ಹನ್ನೆರಡು ಗೆಳೆಯರು ಮನೆಮನೆಯ ವಂತಿಗೆ ಎತ್ತಿ ದೇವಿಯ ಪೂಜೆ ಮಾಡಿದರಂತೆ. ಅಲ್ಲಿಂದ ಊರೊಟ್ಟಿನ ಪೂಜೆಗೆ ಆ ಹೆಸರು ಬಂತು. 1893ರಿಂದ ಬೀದಿಬೀದಿಯಲ್ಲಿ ಗಣಪತಿ ಕೂರಿಸುತ್ತಾ ಬಂದ ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಗಣಿ ಎತ್ತಿ ದೇವರನ್ನು ಕೂರಿಸುವ ಹಾಗೆಯೇ ವರ್ಗಣಿ ಎತ್ತಿ ಕಥೆಯನ್ನೂ ಕೂರಿಸಬಹುದು ಎಂಬುದು ಬಂಗಾಳಿಗಳ ಲೆಕ್ಕ. ಹಿಂದಿಯಲ್ಲಿ 1960ರಲ್ಲಿ ‘ಗ್ಯಾರಹ್ ಸಪನೋಂ ಕಾ ದೇಶ್’ ಪುಸ್ತಕವಾಗಿ ಬಂತು. ಅಧ್ಯಾಯ ಹನ್ನೊಂದು, ಲೇಖಕರು ಹತ್ತು. ಮೊದಲನೆಯದನ್ನು ಬರೆದ ಧರ್ಮವೀರ ಭಾರತಿಯವರೇ ಕೊನೆಯದನ್ನೂ ಬರೆಯಬೇಕಾಯಿತು.

ಈ ಕೊನೆಯ ಅಧ್ಯಾಯವೇ ನೋಡಿ ಎಲ್ಲ ಕಡೆಯೂ ಗಂಟಲಿಗೆ ಸಿಕ್ಕುವ ಮುಳ್ಳು. ಶುರು ಮಾಡಲು ಎಲ್ಲರೂ ಮುಂದೆ, ಮುಗಿಸಲು ಯಾರೂ ಇಲ್ಲ. 1931ರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಲೇಖಕರ ‘ಡಿಟೆಕ್ಷನ್ ಕ್ಲಬ್’ನವರು ‘ದಿ ಫ್ಲೋಟಿಂಗ್ ಅಡ್ಮಿರಲ್’ ಎಂಬ ಕಾದಂಬರಿ ಬರೆದರು. ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್, ಚೆಸ್ಟರ್‌ಟನ್ ಎಲ್ಲರೂ ಅದರಲ್ಲಿದ್ದರು. ಕೊನೆಯ ಅಧ್ಯಾಯ ಆಂಟನಿ ಬರ್ಕ್‌ಲಿ ಎಂಬುವರ ಪಾಲಿಗೆ ಬಂತು. ಅವರು ಅದಕ್ಕಿಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ರಾಡಿ ತೊಳೆಯುವುದು’ ಎಂದಾದೀತು! ಆದರೆ ಆ ಕ್ಲಬ್ಬಿನವರು ಒಂದು ಜಾಣತನದ ನಿಯಮ ಮಾಡಿಕೊಂಡಿದ್ದರು. ಹಿಂದಿನವರು ಬಿಟ್ಟುಹೋದ ಯಾವ ತೊಡಕನ್ನೂ ಮುಂದಿನವರು ಮರೆತಂತೆ ನಟಿಸುವಂತಿಲ್ಲ. ತೊಡಕು ಹಾಕುವವರು ಅದನ್ನು ಬಿಡಿಸುವ ದಾರಿ ತಮ್ಮ ಬಳಿ ಇಟ್ಟುಕೊಂಡೇ ಹಾಕಬೇಕು, ಅದನ್ನು ಬರೆದೂ ಕೊಡಬೇಕು. ಹಾಗೆ ಬರೆದುಕೊಟ್ಟ ಬೇರೆಬೇರೆ ಪರಿಹಾರಗಳನ್ನು ಪುಸ್ತಕದ ಕೊನೆಗೆ ಅಚ್ಚು ಹಾಕಿದರು. ಒಂದೇ ಕೊಲೆ, ಕೊಲೆಗಾರರು ಹಲವರು.

ಕೊನೆಯವರಿಗಿಂತ ಹೆಚ್ಚು ಅಪಾಯದವರು ಎರಡನೆಯವರು ಎಂಬುದಕ್ಕೆ ಅಮೆರಿಕದ ಕಥೆ ಕೇಳಿ. ವಿಲಿಯಂ ಡೀನ್ ಹೊವೆಲ್ಸ್ ಆ ಕಾಲದ ದೊಡ್ಡ ಲೇಖಕರು. ಅವರ ಸಲಹೆಯಂತೆ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯಲ್ಲಿ ‘ದಿ ಹೋಲ್ ಫ್ಯಾಮಿಲಿ’ ಶುರುವಾಯಿತು, 1908ರಲ್ಲಿ ಪುಸ್ತಕವಾಯಿತು. ಹನ್ನೆರಡು ಲೇಖಕರು. ಒಂದು ಮನೆ, ಆ ಮನೆಯ ಮಗಳ ನಿಶ್ಚಿತಾರ್ಥ, ಒಂದೊಂದು ಅಧ್ಯಾಯ ಮನೆಯ ಒಬ್ಬೊಬ್ಬರ ಬಾಯಲ್ಲಿ. ಮೊದಲ ಅಧ್ಯಾಯವನ್ನು ಹೊವೆಲ್ಸ್ ಸಾವಧಾನವಾಗಿ, ಮರ್ಯಾದೆಯಾಗಿ ಬರೆದರು. ಎರಡನೆಯದು ಮದುವೆಯಾಗದೆ ಉಳಿದ ಸೋದರತ್ತೆಯದು. ಅದನ್ನು ಬರೆದವರು ಮೇರಿ ವಿಲ್ಕಿನ್ಸ್ ಫ್ರೀಮನ್. ಸ್ವತಃ ಐವತ್ತರ ಹತ್ತಿರ ಮದುವೆಯಾದ ಲೇಖಕಿ ಅವರು. ಅತ್ತೆ ಎಂದರೆ ಮೂಲೆಯಲ್ಲಿ ಹೆಣಿಗೆ ಹಾಕುತ್ತ ಕೂರುವವಳು ಎಂದು ಎಲ್ಲರೂ ಎಣಿಸಿದ್ದರೆ, ಇವರ ಅತ್ತೆ ಮೂವತ್ತನಾಲ್ಕರ ಚೆಲುವೆ, ಅಲಂಕಾರಪ್ರಿಯೆ. ಅಷ್ಟೇ ಅಲ್ಲ, ಅಣ್ಣನ ಮಗಳಿಗೆ ನಿಶ್ಚಯವಾದ ಹುಡುಗನ ಮನಸ್ಸು ಇರುವುದೇ ಈ ಅತ್ತೆಯ ಮೇಲೆ! ಹೊವೆಲ್ಸರಿಗೆ ಬೆವರಿಳಿಯಿತು. ಅಚ್ಚು ಹಾಕಬೇಡಿ ಎಂದು ಸಂಪಾದಕಿ ಎಲಿಜಬೆತ್ ಜೋರ್ಡನ್‌ಗೆ ಬರೆದು ಬೇಡಿಕೊಂಡರು. ಆಕೆ ಹಾಕಿದರು. ಮುಂದಿನ ಹತ್ತು ಜನ, ಹೆನ್ರಿ ಜೇಮ್ಸ್ ಸೇರಿದಂತೆ, ಆ ಅತ್ತೆಯನ್ನು ಏನು ಮಾಡುವುದು ಎಂದೇ ಒದ್ದಾಡಿದರು.

ಫ್ರೀಮನ್ ಮಾಡಿದ್ದು ಸರಿಯೇ ತಪ್ಪೇ? ಸರಿ ಎಂದೇ ನನ್ನ ಮತ. ಆಕೆ ಹಿಂದಿನ ಅಧ್ಯಾಯದ ಒಂದು ಮಾತನ್ನೂ ಅಳಿಸಲಿಲ್ಲ, ಕಥೆಯನ್ನು ಹಿಂದಕ್ಕೆ ತಿರುಗಿಸಲಿಲ್ಲ. ಬೆನ್ನಿಗೆ ಕೈ ಬಿತ್ತು, ತನ್ನ ಮುಖ ಯಾವ ಕಡೆ ಇತ್ತೋ ಆ ಕಡೆ ಎದ್ದು ಓಡಿದರು. ಆಟದ ನಿಯಮ ಮುರಿಯಲು ಹೊರಟವರು ಹೊವೆಲ್ಸರು. ಖೋ ಕೊಟ್ಟ ಮೇಲೂ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ.

ನಿಯಮವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಾಗಿದೆ. 2007ರ ಫೆಬ್ರವರಿ–ಮಾರ್ಚ್‌ನಲ್ಲಿ ಪೆಂಗ್ವಿನ್ ಪ್ರಕಾಶನ ಮತ್ತು ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಸೇರಿ, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಬರೆಯಬಹುದಾದ, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದಾದ ಒಂದು ಕಾದಂಬರಿ ಶುರುಮಾಡಿದರು. ಸುಮಾರು 1500 ಜನ ಕೈಹಾಕಿದರು. ಒಬ್ಬ ಪುಣ್ಯಾತ್ಮ ಕಂಡಕಂಡಲ್ಲಿ ಬಾಳೆಹಣ್ಣು ತುರುಕುತ್ತಾ ಹೋದ. ಕೊನೆಗೆ ಬಾಳೆಹಣ್ಣಿನದೇ ಬೇರೆ ಆವೃತ್ತಿ ಮಾಡಿ ಅವನನ್ನು ಆ ಕಡೆ ಕಳಿಸಬೇಕಾಯಿತು. ಬರೆದವರಿಗೆ ಖುಷಿ ಸಿಕ್ಕಿತು, ಓದುವಂಥ ಕಾದಂಬರಿ ಸಿಗಲಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಪುಣೆಯಲ್ಲಿ ಕನ್ನಡ ಮಾತಾಡುವವರು ಬಹಳ, ಕನ್ನಡ ಬರೆಯುವವರು ಕಡಿಮೆ. ಅಜ್ಜಿ ಕನ್ನಡ ಓದುತ್ತಾರೆ, ಮಗನಿಗೆ ಅರ್ಥವಾಗುತ್ತದೆ, ಮೊಮ್ಮಗಳು ಮರಾಠಿ ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಇಂಥ ಮನೆಯಿಂದ ಮುನ್ನೂರು ಪುಟದ ಕಾದಂಬರಿ ಕೇಳಿದರೆ ಹುಟ್ಟುವುದಿಲ್ಲ. ಹದಿನೈದು ಪುಟ ಕೇಳಿದರೆ? ಕೊಥ್ರೂಡಿನ ನಿವೃತ್ತ ಗುಮಾಸ್ತರೂ ಪಿಂಪ್ರಿಯ ಕಾರ್ಖಾನೆಯವರೂ ಹಿಂಜೇವಾಡಿಯ ಸಾಫ್ಟ್‌ವೇರ್ ಹುಡುಗಿಯೂ ಕೊಡಬಲ್ಲರು. ನೀವೂ ಕೊಡಬಲ್ಲಿರಿ. ಸಂಭಾವನೆಯಿಲ್ಲದೆ ಹತ್ತು ಹನ್ನೆರಡು ಜನ ವಾರಕ್ಕೊಂದು ಸಂಜೆ ಸೇರಿದರೆ ಒಂದು ವರ್ಷದಲ್ಲಿ ಪುಸ್ತಕವಾಗುತ್ತದೆ.

ತೊಂದರೆ ಬರುವುದು ಬೇರೆ ಕಡೆಯಿಂದ. ಮೊದಲ ಅಧ್ಯಾಯದಲ್ಲಿ ‘ಹೌದ್ರೀ’ ಎಂದ ನಾಯಕ ಎರಡನೆಯದರಲ್ಲಿ ‘ಹೌದು ಮಾರಾಯ್ರೆ’ ಎನ್ನುತ್ತಾನೆ, ಮೂರನೆಯದರಲ್ಲಿ ‘ಹೌದು ಕಣ್ರೀ’. ಹುಬ್ಬಳ್ಳಿ, ಉಡುಪಿ, ಮೈಸೂರಿನವರು ಒಂದೇ ಸಾಲಿನಲ್ಲಿ ಕೂತರೆ ಹೀಗೇ ಆಗುವುದು. ಎಲ್ಲರ ಭಾಷೆಯನ್ನೂ ಬೋಳಿಸಿ ಪಠ್ಯಪುಸ್ತಕದ ಕನ್ನಡ ಮಾಡಿದರೆ ಕಥೆ ಸತ್ತಂತೆ. ‘ದಿ ಹೋಲ್ ಫ್ಯಾಮಿಲಿ’ಯ ಉಪಾಯವೇ ಇಲ್ಲಿ ಒದಗುತ್ತದೆ. ಒಂದು ಮನೆ, ಅಧ್ಯಾಯಕ್ಕೊಬ್ಬರು ಮಾತಾಡಲಿ. ಅತ್ತೆ ಹುಬ್ಬಳ್ಳಿಯವರು, ಸೊಸೆ ಮೈಸೂರಿನವಳು, ಕೆಳಮನೆಯ ಹೋಟೆಲಿನವರು ಉಡುಪಿಯವರು. ಪುಣೆಯ ಕನ್ನಡದ ಮನೆಗಳು ಹಾಗೆ ಇರುವುದೂ ಸುಳ್ಳಲ್ಲವಲ್ಲ. ಮೊಮ್ಮಗಳ ಅಧ್ಯಾಯದಲ್ಲಿ ಮರಾಠಿ ಬಂದರೆ ಬರಲಿ. ಕೊನೆಯ ಅಧ್ಯಾಯ ಯಾರದು ಎಂಬುದನ್ನು ಮಾತ್ರ ಮೊದಲ ದಿನವೇ ನಿಶ್ಚಯಿಸಿ.

ಇನ್ನು ಕಾಟು ಹಾಕುವ ಪ್ರಶ್ನೆ. ಹಲವರು ಬರೆದದ್ದರಲ್ಲಿ ಕೆಲವು ತೆಗೆಯಲೇಬೇಕಾಗುತ್ತದೆ, ಕೂಟಗಳು ಒಡೆಯುವುದು ಅಲ್ಲೇ. ಇದಕ್ಕೂ ಪುಣೆಯಲ್ಲಿ ಒಂದು ಹಿರಿಯ ಮೇಲ್ಪಂಕ್ತಿ ಇದೆ. ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆಯವರು 1919ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿ ಕೈಗೆತ್ತಿಕೊಂಡರು. ಅದು ಕಾದಂಬರಿಯಲ್ಲ, ನಿಜ. ಆದರೆ ಎಷ್ಟೋ ತಲೆಮಾರುಗಳು ಕೈ ಸೇರಿಸಿದ ಕಥೆ. ನೂರಾರು ಹಸ್ತಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ, ಯಾವುದು ಆಮೇಲೆ ಸೇರಿತು ಎಂದು ಗುರುತಿಸಬೇಕಿತ್ತು. 1925ರಿಂದ ಅದನ್ನು ನಡೆಸಿದ ವಿ.ಎಸ್. ಸುಕ್ಥಣಕರರು 1943ರಲ್ಲಿ ತೀರಿಕೊಂಡರು. ಬೆನ್ನಿಗೆ ಕೈ ಬಿದ್ದದ್ದು ಎಸ್.ಕೆ. ಬೇಲ್ವಲ್ಕರರಿಗೆ, ಅವರ ನಂತರ ಪಿ.ಎಲ್. ವೈದ್ಯರಿಗೆ. ಮುಗಿದದ್ದು 1966ರಲ್ಲಿ. ಮೂಲವಲ್ಲ ಎಂದು ತೆಗೆದ ಶ್ಲೋಕಗಳನ್ನು ಅವರು ಎಸೆಯಲಿಲ್ಲ. ಪುಟದ ಕೆಳಗೆ, ಇಲ್ಲವೇ ಸಂಪುಟದ ಕೊನೆಯ ಅನುಬಂಧದಲ್ಲಿ, ಯಾವ ಪ್ರತಿಯಲ್ಲಿತ್ತು ಎಂಬ ಗುರುತಿನೊಂದಿಗೆ ಅಚ್ಚು ಹಾಕಿದರು. ಲಾ ಕಾಲೇಜ್ ರಸ್ತೆಯ ಆ ಸಂಸ್ಥೆಗೆ ಹೋದರೆ ಆ ಸಂಪುಟಗಳನ್ನು ನೋಡಬಹುದು.